ಪಾಪಾತಿಯ ಅಳತೆಗೆ ಎದ್ದ ಮನೆ

ಪಾಪಾತಿಯ ಮುತ್ತಜ್ಜ ನಂಜುಂಡನ್ ಕೊಳ್ಳೇಗಾಲದ ಸೀಮೆಯಿಂದ ದಿಂಬಂ ಘಾಟಿ ಇಳಿದು ಬಂದವನು. ಬಿಚ್ಚಿದ ಮಗ್ಗವನ್ನು ಎತ್ತಿನ ಬೆನ್ನಿಗೆ ಹೇರಿ, ಎಳೆ ಹೊಡೆಯುವ ಹಣಿಗೆಯನ್ನು ಮಾತ್ರ ಯಾರ ಕೈಗೂ ಕೊಡದೆ ತನ್ನ ತಲೆಯ ಮೇಲೇ ಹೊತ್ತು, ತಮಿಳು ಸೀಮೆಯ ಭವಾನಿ ಹೊಳೆಯ ದಂಡೆಯ ಸಿರುಮುಗೈಗೆ ಬಂದು ನಿಂತ. ಬಂದವನು ಮೊದಲು ಮನೆ ಕಟ್ಟಲಿಲ್ಲ, ಗುಂಡಿ ತೋಡಿದ. ಬಟಾಬಯಲಿನಲ್ಲಿ ಗುಂಡಿ ತೋಡಿ, ಅದರೊಳಕ್ಕೆ ಕಾಲಿಳಿಬಿಟ್ಟು ಅಂಚಿನ ಮೇಲೆ ಕೂತು, ಹೆಂಡತಿಯನ್ನು ಕರೆದು, "ಬಿಸ್ಲು ಎಲ್ಲಿಂದ ನನ್ ಕಣ್ಣಿಗೆ ಹೊಡೀತದೆ ನೋಡು, ಅಲ್ಲೊಂದು ಗೂಟ ನೆಡು" ಎಂದನಂತೆ. ಗೂಟ ನೆಟ್ಟಲ್ಲಿ ಗೋಡೆ ಬಂತು, ಗೋಡೆಯ ಮೇಲೆ ಸೋಗೆ ಬಂತು. ಮನುಷ್ಯ ಕೂತ ಮೇಲೆ ಅವನ ಸುತ್ತ ಎದ್ದು ನಿಂತ ಮನೆ ಅದು.

ನಂಜುಂಡನ ಮಗ ಮುದ್ದಯ್ಯನಿಗೆ ಬೆಳಕಿನ ಹುಚ್ಚು. ಗುಂಡಿಮಗ್ಗದಲ್ಲಿ ಮಗ್ಗ ನೆಲದ ಮೇಲೆ, ನೇಯುವವನ ಕಾಲು ನೆಲದ ಕೆಳಗೆ. ಕೂತವನ ಕಣ್ಣು ನಿಂತವನ ತೊಡೆಯ ಮಟ್ಟಕ್ಕೆ ಬರುತ್ತದೆ. ಎಲ್ಲರ ಮನೆಯ ಹಾಗೆ ಎದೆಯೆತ್ತರಕ್ಕೆ ಕಿಟಕಿ ಇಟ್ಟರೆ ಅವನಿಗೆ ಆಕಾಶವಲ್ಲದೆ ಇನ್ನೇನು ಸಿಕ್ಕೀತು? ಒಂದು ಬೆಳಿಗ್ಗೆ ಮುದ್ದಯ್ಯನ್ ಹಾರೆ ಹಿಡಿದು ಬಂದು, ನೆಲದಿಂದ ಒಂದು ಗೇಣು ಬಿಟ್ಟು ಬೀದಿಗೋಡೆಯನ್ನು ಒಡೆದೇಬಿಟ್ಟ. "ಕಳ್ಳನಿಗೆ ತವಳ್ಕಂಡು ಬರಕ್ಕೆ ದಾರಿ ಮಾಡ್ದೆಯೇನಯ್ಯಾ?" ಎಂದು ಬೀದಿ ನಕ್ಕಿತು. ಎಳೆಬಿಸಿಲು ಆ ಕಂಡಿಯಿಂದ ನೇರ ಬಂದು ಮಗ್ಗದ ಹಾಸುನೂಲಿನ ಮೇಲೆ ಮಲಗಿದ್ದನ್ನು ಕಂಡ ಮೇಲೆ, ನಕ್ಕವರೇ ಒಬ್ಬೊಬ್ಬರಾಗಿ ಹಾರೆ ಹುಡುಕಿಕೊಂಡು ಹೋದರು. ಆ ಕಿಟಕಿಯಲ್ಲಿ ಮುದ್ದಯ್ಯನಿಗೆ ಬೀದಿಯವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಹಿಮ್ಮಡಿ ನೋಡಿಯೇ ಹೆಸರು ಹಿಡಿದು ಕೂಗಿ, ನೀರಿಗೆ ಹೊರಟ ಹೆಂಗಸರನ್ನು ಬೆಚ್ಚಿಬೀಳಿಸುತ್ತಿದ್ದ.

ಮುದ್ದಯ್ಯನ ಮಗ ರಾಮಲಿಂಗಂ. ಅವನಿಗೆ ಗಂಡುಮಕ್ಕಳಿಲ್ಲ, ಪಾಪಾತಿ ಒಬ್ಬಳೇ ಮಗಳು. ಆ ಮನೆತನದಲ್ಲೊಂದು ಕಟ್ಟಳೆ ಇತ್ತು. ಗುಂಡಿ ತೋಡುವ ಮೊದಲು, ಅದರಲ್ಲಿ ಕೂರುವವರ ಮಂಡಿಯಿಂದ ಹಿಮ್ಮಡಿಯವರೆಗೆ ಅರಿಶಿನ ಸವರಿದ ನೂಲು ಹಿಡಿಯಬೇಕು. ನೂಲು ಎಷ್ಟೋ ಗುಂಡಿ ಅಷ್ಟು. ತೋಡಿದ ಮೇಲೆ ಕುಲದೇವತೆ ಚೌಡಮ್ಮನ ಹೆಸರು ಹೇಳಿ ಆ ನೂಲನ್ನು ತಳದಲ್ಲಿಟ್ಟು ಮಣ್ಣು ಮೆತ್ತಬೇಕು. ಒಂದು ಗುಂಡಿಗೆ ಒಂದೇ ಮೈ. ಇನ್ನೊಬ್ಬರಿಗೆಂದು ಹೊಸ ನೂಲು ಹಿಡಿದು ಗುಂಡಿ ತಿದ್ದಿದರೆ, ಅಲ್ಲಿಗೆ ಹಳಬರ ನೇಯ್ಗೆ ಮುಗಿಯಿತು ಎಂದು ಲೆಕ್ಕ. ರಾಮಲಿಂಗಂ ತನ್ನ ಮಗ್ಗದ ಪಕ್ಕದಲ್ಲೇ ಮಗಳಿಗೊಂದು ಪುಟ್ಟ ಗುಂಡಿ ತೋಡಿಕೊಟ್ಟಿದ್ದ. ಅವಳು ಬೆಳೆದ ಹಾಗೆಲ್ಲ ಪೊಂಗಲ್ ಹಬ್ಬಕ್ಕೊಮ್ಮೆ ಅದರ ತಳ ಕೆತ್ತುತ್ತಿದ್ದ. ಬೀದಿಯ ಬೇರೆ ಹುಡುಗಿಯರಿಗೆ ಹಬ್ಬಕ್ಕೆ ಹೊಸ ಲಂಗ ಬಂದರೆ, ಪಾಪಾತಿಗೆ ಲಂಗದ ಜೊತೆಗೆ ಒಂದು ಬೆರಳು ಆಳವೂ ಬರುತ್ತಿತ್ತು.

ಹಾಗೆ ಬೆಳೆದ ಪಾಪಾತಿ ಒಂದು ಮಟ್ಟಕ್ಕೆ ಬಂದು ಅಲ್ಲಿಗೇ ನಿಂತುಬಿಟ್ಟಳು. ಆಳು ಗಿಡ್ಡ. ಮುಂಗೈ ಮಾತ್ರ ಒನಕೆಯಂಥದ್ದು, ಕೋಪ ಸದಾ ಮೂಗಿನ ತುದಿಯಲ್ಲಿ, ನಗು ಅದರ ಬೆನ್ನಿಗೇ. ಸೂಲೂರಿನ ಕಡೆಯ ವೆಂಕಟಾಚಲಂ ಎಂಬ ಗಿರಣಿ ಕೆಲಸಗಾರ ಅವಳನ್ನು ಮದುವೆಯಾಗಿ, ಅವಳ ಮನೆಗೇ ಬಂದು ಸೇರಿಕೊಂಡ. ಉದ್ದನೆಯ ಆಳು, ಮಾತು ಕಮ್ಮಿ. ಒಬ್ಬ ಮಗ ಹುಟ್ಟಿದ, ದೀನದಯಾಳನ್. ಅವನೂ ಅಪ್ಪನ ಹಾಗೆ ಉದ್ದ, ಅಪ್ಪನ ಹಾಗೆ ಗಿರಣಿಗೆ ಹೋದ. ರಾಮಲಿಂಗಂ ಹೋದ ಮೇಲೆ ಅವನ ಗುಂಡಿ ಮುಚ್ಚಿತು, ಮನೆಯ ಒಂದೇ ಮಗ್ಗ ಪಾಪಾತಿಯ ಕೈಯಲ್ಲೇ ಉಳಿಯಿತು.

ಮಣ್ಣಿನ ಮನೆ ತೆಗೆದು ತಾರಸಿ ಮನೆ ಕಟ್ಟಬೇಕೆಂದು ಹೊರಟಾಗ ವೆಂಕಟಾಚಲಂ ಇನ್ನೂ ಇದ್ದ. ಯಜಮಾನಿಕೆ ಮಾತ್ರ ಪಾಪಾತಿಯದು. ಆಗ ಅವಳ ಮಗ್ಗದ ಮೇಲೆ ಮುಹೂರ್ತದ ಸೀರೆಯೊಂದು ಅರ್ಧಕ್ಕೆ ಬಂದು ನಿಂತಿತ್ತು. ಮಗ್ಗ ಎಬ್ಬಿಸುವಂತಿಲ್ಲ. ಹಾಗಾಗಿ ಮಗ್ಗದ ಕೋಣೆಯನ್ನು ಇದ್ದಲ್ಲೇ ಬಿಟ್ಟು, ಅದರ ಸುತ್ತ ಹೊಸ ಗೋಡೆ ಎಬ್ಬಿಸುವುದೆಂದಾಯಿತು. ಗಾರೆ ಕೆಲಸಕ್ಕೆ ಬಂದವನು ಕುಮರೇಶನ್. ಮನೆಮಾತು ತಮಿಳಾದರೂ ನೇಕಾರರ ಬೀದಿಯಲ್ಲಿ ಕರಣೆ ಹಿಡಿದು ಹಿಡಿದು ಕನ್ನಡ ಕಲಿತವನು. ಮಾತಿಗೊಂದು 'ಂಗ' ಸೇರಿಸಿದರೆ ಮರ್ಯಾದೆ ಸಂದಿತು ಎಂದುಕೊಂಡವನು.

"ಅಕ್ಕಾ, ಸ್ವಿಚ್ಚು ಎಷ್ಟೆತ್ತರಕ್ಕೆ ಇಡ್ಲಿಂಗ?"

ಪಾಪಾತಿ ಲಾಳಿಯ ಹಗ್ಗ ಬಿಡದೆ ಇನ್ನೊಂದು ಕೈ ಎತ್ತಿದಳು. "ಇಷ್ಟು."

"ಅಡಿಗೆ ಕಟ್ಟೆಂಗ?"

ಕೈ ಮುಂದಕ್ಕೆ ಚಾಚಿದಳು. "ಇಷ್ಟು. ಸುಮ್ಸುಮ್ನೆ ಕೇಳ್ಬ್ಯಾಡ, ಎಳೆ ಕಡೀತದೆ."

ಕುಮರೇಶನ್ ಮಾತಿಗೆ ಮಾತು ಬೆಳೆಸುವವನಲ್ಲ. ನೀರು ತುಂಬಿದ ಟ್ಯೂಬು ತಂದ. ಅದರ ಒಂದು ತುದಿಯನ್ನು ಗುಂಡಿಯಲ್ಲಿ ಕೂತ ಪಾಪಾತಿಯ ಕೈ ಇದ್ದಲ್ಲಿ ಹಿಡಿದ. ಇನ್ನೊಂದು ತುದಿ ಹಿಡಿದು ಅವನ ಕೈಯಾಳು ಮನೆಯೆಲ್ಲ ಸುತ್ತಿದ. ನೀರು ಎಲ್ಲಿ ನಿಂತಿತೋ ಅಲ್ಲೆಲ್ಲ ಸುಣ್ಣದ ಗುರುತು. ನೀರಿನ ಮಟ್ಟ ಎಂದೂ ಸುಳ್ಳು ಹೇಳುವುದಿಲ್ಲ. ಗುಂಡಿಯೊಳಗಿನ ಪಾಪಾತಿಯ ಕೈ ಎಷ್ಟೆತ್ತರವೋ ಅಷ್ಟೇ ಎತ್ತರಕ್ಕೆ, ಕೂದಲೆಳೆಯಷ್ಟೂ ತಪ್ಪದೆ, ಇಡೀ ಮನೆ ಎದ್ದಿತು. ಸ್ವಿಚ್ಚುಗಳು ಸೊಂಟದ ಹತ್ತಿರ. ಕನ್ನಡಿಯ ಮೊಳೆ ಹೊಕ್ಕುಳ ಹತ್ತಿರ. ಒಲೆ ಇಡುವ ಕಟ್ಟೆ ತೊಡೆಗೆ. ಕಿಟಕಿಗಳಂತೂ ಅಜ್ಜನ ಕಾಲದ ಹಾಗೆ ನೆಲದ ಮೇಲೇ. ಸೀರೆ ಮುಗಿಸಿ ಎದ್ದು ಬಂದು ನಿಂತ ಪಾಪಾತಿ ಮನೆಯನ್ನು ಮೇಲಿಂದ ಕೆಳಗೆ ನೋಡಿದಳು. ಮೇಲೆ ನೋಡುವಂಥದ್ದು ಏನೂ ಇರಲಿಲ್ಲ, ಎಲ್ಲ ಕೆಳಗೇ ಇತ್ತು.

ಪಕ್ಕದ ಮನೆಯ ವಿಜಯಕುಮಾರಿ ಹಾಲುಕ್ಕಿಸುವ ದಿನ ಬಂದು ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನಕ್ಕಾ, ಮನೆ ಕಟ್ಟಿದ್ದೋ, ಸೀರೆ ತರ ಮಡ್ಸಿದ್ದೋ?"

"ಬರೋರು ಬಗ್ಗಿ ಬರ್ಲಿ," ಎಂದಳು ಪಾಪಾತಿ. "ಇಷ್ಟು ದಿನ ಊರಲ್ಲಿರೋ ಮನೆಗೆಲ್ಲ ನಾ ಎಟುಕ್ದೆ ಎಟುಕ್ದೆ ಇದ್ದೆ. ಇನ್ಮುಂದೆ ನೀವು ಬಗ್ಗಿ."

ತಪ್ಪಾಯಿತು ಎಂದು ಅವಳ ಬಾಯಿಂದ ಬರಲಿಲ್ಲ. ನಿಜಕ್ಕೂ ಅವಳ ಮಟ್ಟಿಗೆ ತಪ್ಪೇನೂ ಆಗಿರಲಿಲ್ಲ. ಒಲೆಯ ಮುಂದೆ ಒಂದು ಗಿಡ್ಡ ಸ್ಟೂಲ್ ಎಳೆದುಕೊಂಡು ಕೂತರೆ ಸಾರು, ಅನ್ನ, ಪಲ್ಯ ಎಲ್ಲ ಕೈಯಳತೆಯಲ್ಲೇ. ಗುಂಡಿಯಿಂದ ಏಳದೆ ಫ್ಯಾನು ಹಾಕಬಹುದು, ದೀಪ ಆರಿಸಬಹುದು, ಬೀದಿಯಲ್ಲಿ ಹೋಗುವ ಸೊಪ್ಪಿನವಳ ಸೆರಗು ಹಿಡಿದು ನಿಲ್ಲಿಸಬಹುದು. ವೆಂಕಟಾಚಲಂ ಮಾತ್ರ ಬದುಕಿದ್ದಷ್ಟು ದಿನ ಕನ್ನಡಿಯ ಮುಂದೆ ಮಂಡಿಯೂರಿ ಗಡ್ಡ ಹೆರೆದುಕೊಂಡ. ಒಂದು ಸಲವೂ ಗೊಣಗಲಿಲ್ಲ. ಅವನು ಹೋದ ಮೇಲೆ ಪಾಪಾತಿ ಆ ಕನ್ನಡಿಯನ್ನು ನೋಡಿದಾಗೆಲ್ಲ, ಗೊಣಗಿದ್ದರೆ ಮೇಲಕ್ಕೆ ಹೊಡೆಸುತ್ತಿದ್ದೆನಲ್ಲ ಎಂದು ಅವನ ಮೇಲೇ ರೇಗಿಕೊಳ್ಳುತ್ತಿದ್ದಳು.

ಆಮೇಲೆ ಸರಣ್ಯಾ ಬಂದಳು. ದೀನದಯಾಳನ ಹೆಂಡತಿ. ಸೂಲೂರಿನ ಕನ್ನಡದವರ ಮನೆಯ ಹುಡುಗಿ, ಮದುವೆಗೆ ಮುಂಚೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆ ಮಾಡುತ್ತಿದ್ದವಳು. ಎತ್ತರವೆಂದರೆ, ಹೊಸಿಲು ದಾಟಿ ಒಳಗೆ ಬಂದ ಮದುಮಗಳ ಮುಖ ನೋಡಲು ಪಾಪಾತಿ ಆರತಿ ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಬೇಕಾಯಿತು.

"ನಿಮ್ಮಪ್ಪ ಏನಮ್ಮಣಿ, ತೆಂಗಿನ ಮರಕ್ಕೆ ಹೂ ಮುಡ್ಸಿ ಕಳ್ಸವ್ರೆ?"

ಸರಣ್ಯಾ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. "ಬಗ್ಗದು ಗೊತ್ತಿರೋ ಮರ ಅತ್ತೆ."

ಆವತ್ತಿನಿಂದ ಬಗ್ಗಿದ್ದೇ ಬಗ್ಗಿದ್ದು. ಒಲೆಯ ಮುಂದೆ ಬಗ್ಗಿದಳು. ಪಾತ್ರೆ ತೊಳೆಯುವಲ್ಲಿ ಬಗ್ಗಿದಳು. ತಲೆ ಬಾಚಲು ಕನ್ನಡಿಗೆ ಬಗ್ಗಿದಳು. ಅತ್ತೆಯ ಸ್ಟೂಲಿನ ಮೇಲೆ ಕೂತು ನೋಡಿದರೆ ಮಂಡಿ ಗಲ್ಲಕ್ಕೆ ಬಡಿಯುತ್ತಿತ್ತು. ದೀನದಯಾಳನ್ ಒಂದೆರಡು ಸಲ, "ಅಮ್ಮಾ, ಆ ಕಟ್ಟೆನಾದ್ರೂ ಕೊಂಜ ಎತ್ತರ ಮಾಡ್ಸೋಣ" ಎಂದ. "ನಿಮ್ಮಪ್ಪ ಯಾವತ್ತಾದ್ರೂ ಕೇಳುದ್ರಾ?" ಎಂದು ಪಾಪಾತಿ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದಳು.

ಸರಣ್ಯಾಳಿಗೆ ಮಗ್ಗದ ಮೇಲೆ ಆಸೆ ಹುಟ್ಟಿತು. ಮಧ್ಯಾಹ್ನದ ಹೊತ್ತು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಜರಿ ಸುತ್ತಿಕೊಡುತ್ತಾ ಕಣ್ಣಿನಲ್ಲೇ ಕಲಿತಳು. ಹೊಲಿಗೆಯ ಕೈ, ಬೇಗ ತಿರುಗಿತು. ಆದರೆ ಗುಂಡಿಗೆ ಇಳಿಯಲು ಅತ್ತೆ ಬಿಡಲಿಲ್ಲ. "ಹಾಸು ಹಿಡಿ, ಹೊಕ್ಕು ಸುತ್ತು, ಎಲ್ಲಾ ಮಾಡು. ಕೂರದು ನನ್ ಜಾಗ."

ಜಾಗ ಬಿಡದ ಪಾಪಾತಿಗೆ ಮಂಡಿ ಕೈಕೊಟ್ಟಿತು. ಕೂತಿರುವಷ್ಟು ಹೊತ್ತು ಏನೂ ಇಲ್ಲ, ಹುಡುಗಿಯ ಹಾಗೆ ತುಳಿಯುತ್ತಿದ್ದಳು. ಏಳಬೇಕೆಂದರೆ ಮಾತ್ರ ಗುಂಡಿಯ ಅಂಚಿಗೆ ಎರಡು ಕೈ ಊರಿ, ಮಂಡಿ ಮಡಚಿ ನೆಲಕ್ಕೆ ತಂದು, ಮೈಯೆಲ್ಲ ಅದರ ಮೇಲೆ ಹೇರಿ ಮೇಲೇಳಬೇಕು. ಅಲ್ಲಿ ಜೀವ ಹೋದ ಹಾಗಾಗುತ್ತಿತ್ತು. ಏಳುವುದು ತಪ್ಪಲೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಅದನ್ನು ಸರಣ್ಯಾ ಗಮನಿಸಿದಳು. ತುಂಬಿಸಿಟ್ಟ ಚೊಂಬು ಸಂಜೆಗೂ ತುಂಬಿಯೇ ಇರುತ್ತಿತ್ತು. ಒಂದು ದಿನ ಹಾಗೆ ಏಳಲು ಹೋಗಿ ಕೈ ಜಾರಿ ಗುಂಡಿಯೊಳಕ್ಕೇ ಕುಸಿದಳು. ಮೂಳೆ ಮುರಿಯಲಿಲ್ಲ. ಎಡಗಾಲಿನ ಮಂಡಿ ಮಾತ್ರ ಕುಂಬಳಕಾಯಿಯ ಹಾಗೆ ಊದಿಕೊಂಡಿತು.

ಮೇಟ್ಟುಪಾಳಯದ ಡಾಕ್ಟರಮ್ಮ ಮಂಡಿ ಒತ್ತಿ, ಎಕ್ಸ್‌ರೇ ತೆಗೆಸಿ ನೋಡಿ, ಬಿಡಿಸಿ ಹೇಳಿದಳು. ಕಾಲಿಳಿಬಿಟ್ಟು ಕೂರುವುದರಿಂದ ತೊಂದರೆಯಿಲ್ಲ, ನೆಲದಿಂದ ಮಂಡಿ ಮಡಚಿ ಏಳುವುದೇ ಮಂಡಿಯನ್ನು ತಿನ್ನುತ್ತಿದೆ. ಊತ ಇಳಿಯುವವರೆಗೆ ಮಂಚ ಬಿಡಬೇಡಿ. ಇಳಿದ ಮೇಲೂ ಆ ಗುಂಡಿಗೆ ಹತ್ತಿ ಇಳಿಯುವ ರೀತಿ ಹೀಗೇ ಇದ್ದರೆ, ಇನ್ನು ಅದರ ಕಡೆ ಹೋಗಲೇಬೇಡಿ.

"ಮಗ್ಗ ಬ್ಯಾಡ ಅಂದ್ರೆ ನಾ ಏನ್ ಮಾಡ್ಲಿ ತಾಯಿ?" ಎಂದಳು ಪಾಪಾತಿ. ಯಾರ ಎದುರಿಗೂ ಸೋಲದ ಆ ದನಿ ಅಲ್ಲಿ ಸಣ್ಣಗಾಯಿತು. ಡಾಕ್ಟರಮ್ಮ ಅವಳ ಕೈ ಹಿಡಿದು, "ಮಗ್ಗ ಬೇಡ ಅನ್ನಲಿಲ್ಲ ಅಮ್ಮ, ಹತ್ತಿ ಇಳಿಯೋದಕ್ಕೆ ಬೇರೆ ದಾರಿ ಹುಡುಕಿ ಅಂದೆ" ಎಂದು ತಮಿಳಿನಲ್ಲಿ ಹೇಳಿದಳು. ಪಾಪಾತಿಯ ಕಿವಿಗೆ ಬಿದ್ದದ್ದು ಬೇಡ ಎಂಬುದೊಂದೇ.

ಆಗಲೂ ಮಗ್ಗದ ಮೇಲೆ ಮದುವೆ ಸೀರೆ. ಮುಹೂರ್ತಕ್ಕೆ ಮುಂಚೆ ಕೊಡಲೇಬೇಕು. ಪಾಪಾತಿ ಮಂಚವನ್ನು ಮಗ್ಗದ ಕೋಣೆಗೇ ಹಾಕಿಸಿಕೊಂಡು, ಸರಣ್ಯಾಳನ್ನು ಕರೆದಳು. "ಈ ಸೀರೆಗೆ ಮಾತ್ರ ಕೂತ್ಕ. ಕೈ ನಿಂದು, ಗುಂಡಿ ನಂದೇ. ತಿಳೀತಾ?"

"ತಿಳೀತು ಅತ್ತೆ."

ಸರಣ್ಯಾ ಕೂತಳು. ಅವಳ ಕಾಲಿಗೆ ಗುಂಡಿಯ ಆಳ ಸಾಲದು. ಪಾದ ತಳಕ್ಕೆ ತಾಗಿದ ಮೇಲೂ ಮಂಡಿ ಎರಡೂ ಮೇಲಕ್ಕೆದ್ದು, ಸೀರೆ ಸುತ್ತಿಕೊಳ್ಳುವ ದಿಂಡಿಗೆ ಒತ್ತಿಕೊಂಡವು. ಸೊಂಟ ಹಿಂದಕ್ಕೆ ಸರಿಸಿ, ಬೆನ್ನನ್ನು ಬಿಲ್ಲು ಮಾಡಿ, ಒಂದು ಪಕ್ಕಕ್ಕೆ ವಾಲಿ ನೇಯತೊಡಗಿದಳು. ಬಟ್ಟೆಯಲ್ಲಿ ತಪ್ಪಿಲ್ಲ. ಹೊಡೆತ ಸಮ, ಅಂಚು ನೆಟ್ಟಗೆ. ತಪ್ಪು ಹುಡುಕಲೆಂದೇ ಕಣ್ಣು ನೆಟ್ಟಿದ್ದ ಪಾಪಾತಿಗೆ ಸೀರೆಯಲ್ಲಿ ಏನೂ ಸಿಗದೆ, ನೋಟ ನೇಯುವವಳ ಬೆನ್ನಿಗೆ ಹೋಯಿತು. ಕೆಲಸ ಬಿಟ್ಟು ಎದ್ದವಳು ನೆಟ್ಟಗಾಗದೆ, ಅದೇ ಬಿಲ್ಲಿನ ಹಾಗೆ ಅಡಿಗೆಮನೆಗೆ ಹೋಗುತ್ತಿದ್ದಳು. ಅಲ್ಲಿ ಮತ್ತೆ ಒಲೆಗೆ ಬಗ್ಗುತ್ತಿದ್ದಳು. ಮಂಚದ ಮೇಲೆ ಮಲಗಿದವಳ ಕಣ್ಣಿಗೆ ಮನೆ ಬೇರೆಯೇ ಆಗಿ ಕಂಡಿತು. ಈ ಹುಡುಗಿ ಈ ಮನೆಯಲ್ಲಿ ನೆಟ್ಟಗೆ ನಿಂತದ್ದನ್ನು ತಾನು ನೋಡಿಯೇ ಇಲ್ಲವಲ್ಲ!

"ಇಲ್ ಬಾ. ಬೆನ್ ತೋರ್ಸು."

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನಕ್ಕೆ ನಾ ಕೇಳ್ಲಿಲ್ಲ. ಕೂತ್ಕ."

ಸರಣ್ಯಾ ಮಂಚದಂಚಿಗೆ ಬೆನ್ನು ಕೊಟ್ಟು ಕೂತಳು. ಪಾಪಾತಿ ಎಣ್ಣೆ ಹಚ್ಚಿಕೊಂಡು ಒತ್ತಿದಳು. ನೂಲಿನ ಸಿಕ್ಕು ಹುಡುಕುವ ಬೆರಳು, ಗಂಟು ಸಿಕ್ಕಲ್ಲೆಲ್ಲ ನಿಂತಿತು. ಸೊಂಟದ ಮೇಲೆ ಒಂದು ಕಡೆ ಒತ್ತಿದಾಗ ಸರಣ್ಯಾ ಹಲ್ಲು ಕಚ್ಚಿ ಉಸಿರೆಳೆದುಕೊಂಡಳು.

"ಇದು ಮಗ್ಗದ್ ನೋವಲ್ಲ," ಎಂದಳು ಪಾಪಾತಿ. "ಹಳೇದು. ಒಲೆದು."

"ನೀವ್ ನಂಗೆ ಇಷ್ಟು ದಿನ ಅನ್ನ ಹಾಕಿದ್ ಒಲೆ ಅದು. ಅದರ್ ಮೇಲೆ ಚಾಡಿ ಹೇಳ್ಬೇಡಿ."

ಪಾಪಾತಿ ನಗಲಿಲ್ಲ. ಅಂಗೈಗೆ ಇನ್ನಷ್ಟು ಎಣ್ಣೆ ಹಾಕಿಕೊಂಡು ಅದೇ ಗಂಟನ್ನು ಮತ್ತೆ ಮೆಲ್ಲಗೆ ಒತ್ತತೊಡಗಿದಳು.

ಸೀರೆ ಮಗ್ಗದಿಂದ ಇಳಿದ ಮಾರನೆಯ ಬೆಳಿಗ್ಗೆ ಕುಮರೇಶನನ್ನು ಕರೆಸಿದಳು. ಅವನು ಕರಣೆ, ಹಾರೆ, ಟ್ಯೂಬು ಎಲ್ಲ ಹಿಡಿದು ಬಂದ. ಪಾಪಾತಿ ಮಂಚದ ಮೇಲೆ ಕಾಲು ಚಾಚಿ ಕೂತು, ಒಂದೆಳೆ ನೂಲಿಗೆ ಅರಿಶಿನ ಸವರುತ್ತಿದ್ದಳು. ಸರಣ್ಯಾಳನ್ನು ಎದುರಿಗೆ ಕುರ್ಚಿಯ ಮೇಲೆ ಕೂರಿಸಿ, ನೂಲಿನ ಒಂದು ತುದಿಯನ್ನು ಅವಳ ಮಂಡಿಗೆ ಹಿಡಿದು, ಇನ್ನೊಂದನ್ನು ಹಿಮ್ಮಡಿಗೆ ಎಳೆದಳು. ಬಾಗಿಲಲ್ಲಿ ನಿಂತಿದ್ದ ದೀನದಯಾಳನ ಮುಖ ಬೆಳ್ಳಗಾಯಿತು.

"ಅಮ್ಮಾ, ಏನ್ ಮಾಡ್ತಿದೀಯಾ?"

"ಕಣ್ ಕಾಣ್ಸಲ್ವಾ? ಅಳವು ತಗತಾ ಇದೀನಿ."

ಸರಣ್ಯಾ ಗಂಡನ ಮುಖ ನೋಡಿದಳು, ಅತ್ತೆಯ ಕೈ ನೋಡಿದಳು. "ನೂಲು ಹಿಡುದ್ರೆ ಇವ್ರ್ ಯಾಕೆ ಹಿಂಗೆ ನಿಂತ್ಬುಟ್ರು?"

ದೀನದಯಾಳನ್ ಹೇಳಿದ. ಒಂದು ಗುಂಡಿಗೆ ಒಂದೇ ಮೈ ಎಂಬುದನ್ನು, ಹೊಸ ನೂಲು ಬಿದ್ದರೆ ಹಳಬರು ಮತ್ತೆ ಕೂರುವಂತಿಲ್ಲ ಎಂಬುದನ್ನು. ಕೇಳುತ್ತ ಕೇಳುತ್ತ ಸರಣ್ಯಾ ಕಾಲು ಎಳೆದುಕೊಂಡಳು. ನೂಲನ್ನು ಅತ್ತೆಯ ಕೈಯಿಂದ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಡಮ್ಮಣಿ ಇಲ್ಲಿ."

"ಕೊಡಲ್ಲ. ನಿಮ್ಮನ್ನ ಎಬ್ಬುಸ್ಬುಟ್ಟು ಆ ಜಾಗದಲ್ಲಿ ನಾ ಕೂರ್ಬೇಕಾ? ನಿಮ್ ಮೂತಿ ದಿನಾ ಈ ಮಂಚದ್ ಮೇಲೆ ನೋಡ್ಕಂಡು?"

"ನನ್ ಮೂತಿಗೆ ಏನಾಗದೆ?"

"ಈಗೇನೂ ಆಗಿಲ್ಲ. ಮಗ್ಗ ಬುಟ್ಟು ಒಂದ್ ತಿಂಗ್ಳಾಗ್ಲಿ, ಹಾಗಲಕಾಯಿ ಆಯ್ತದೆ."

ಕುಮರೇಶನ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಪಾಪಾತಿ ಅವನಿಗೊಂದು, ಸೊಸೆಗೊಂದು ಎಂದು ಬಾಯಿಗೆ ಬಂದ ಹಾಗೆ ಬೈದಳು. ಬೈದು ಮುಗಿದ ಮೇಲೆ ದನಿ ಇಳಿಸಿ ಹೇಳಿದಳು. "ಕಣ್ಣು ಮಗ್ಳೇ, ನಂಗೂ ಆಸೇನೇ. ಇನ್ನೂ ನೇಯ್ಬೇಕು ಅಂತ ಎದೆ ಹೊಡ್ಕತದೆ. ಆದ್ರೆ ನಿನ್ ಬೆನ್ನು ನನ್ ಕೈಗೆ ಸಿಕ್ತಲ್ಲ. ಗೊತ್ತಾದ್ ಮೇಲೂ ನಿನ್ನ ಆ ಗುಂಡಿಗೆ ಮಡ್ಸಿ ತುಂಬಕ್ಕೆ ನಂಗೆ ಆಗಲ್ಲ. ನೀನ್ ಉದ್ದ, ನಾನ್ ಗಿಡ್ಡ. ಇರೋದು ಒಂದೇ ಮಗ್ಗ, ಒಂದೇ ಗುಂಡಿ. ಯಾರಾದ್ರೂ ಒಬ್ರು ಬುಡ್ಬೇಕು."

"ಯಾಕ್ ಬುಡ್ಬೇಕು? ಕಂಪನೀಲಿ ನಾವ್ ಬುಟ್ವಾ?"

"ಯಾವ್ ಕಂಪನಿ?"

ಸರಣ್ಯಾ ತಿರುಪ್ಪೂರಿನ ಮಾತು ತೆಗೆದಳು. ಅಲ್ಲಿ ಒಂದೇ ಹೊಲಿಗೆ ಮೆಷಿನಿಗೆ ಇಬ್ಬರು. ಬೆಳಿಗ್ಗೆ ಇವಳು, ಮಧ್ಯಾಹ್ನದ ಮೇಲೆ ಕಲೈಸೆಲ್ವಿ ಎಂಬ ಹುಡುಗಿ. ಆ ಕಲೈಸೆಲ್ವಿ ಪಾಪಾತಿಗಿಂತ ಗಿಡ್ಡ. ಮೇಜನ್ನು ಉದ್ದನೆಯವರ ಮಂಡಿ ತೂರುವಷ್ಟು ಎತ್ತರಕ್ಕೇ ಇಟ್ಟಿದ್ದರು. ಗಿಡ್ಡನೆಯವರು ಬಂದಾಗ ಕಾಲಡಿಗೆ ಮರದ ಪೆಟ್ಟಿಗೆಯೊಂದನ್ನು ತಳ್ಳಿಕೊಳ್ಳುತ್ತಿದ್ದರು, ಹೋಗುವಾಗ ಸರಿಸಿ ಹೋಗುತ್ತಿದ್ದರು. "ಉದ್ದ ಇರೋರ್ ಕಾಲು ಕುಯ್ಯಕ್ಕಾಗಲ್ಲ ಅತ್ತೆ. ಗಿಡ್ಡ ಇರೋರ್ ಕಾಲಡಿಗೆ ಹಲಗೆ ಇಡ್ಬೋದು. ಗುಂಡೀನ ನನ್ ಅಳವಿಗೆ ತೋಡ್ಲಿ. ನೀವ್ ಕೂರೋವಾಗ ತಳಕ್ಕೆ ಹಲಗೆಪೆಟ್ಗೆ. ತುಳಿಯೋ ಹಲಗೆ ಹಗ್ಗಕ್ಕೆ ಎರಡು ಕುಣಿಕೆ, ಒಂದು ನಿಮ್ದು, ಒಂದು ನಂದು."

"ಕಂಪನಿ ಮೆಷಿನೂ ಚೌಡಮ್ಮನ್ ಮಗ್ಗಾನೂ ಒಂದಾ?"

"ಕಾಲು ಒಂದೇ ಅಲ್ವಾ ಅತ್ತೆ?"

ಪಾಪಾತಿಗೆ ಸಿಟ್ಟು ಬಂತು. ಕುಮರೇಶನನ್ನು ಸಂಜೆ ಬಾ ಎಂದು ಅಟ್ಟಿ, ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಅಪ್ಪ ಹೇಳಿದ ಕಟ್ಟಳೆ ಒಂದು ಕಡೆ ಎಳೆಯಿತು. ಮನಸ್ಸು ಇನ್ನೊಂದು ಕಡೆ ಎಳೆಯಿತು. ತನಗೆ ನೇಯುವ ಆಸೆಯಿರುವುದಕ್ಕೇ ಸೊಸೆಯ ಮಾತು ಸರಿಯೆನಿಸುತ್ತಿದೆಯೋ ಏನೋ ಎಂದು ತನ್ನ ಮೇಲೇ ಅನುಮಾನ. ಆದರೆ ಕಟ್ಟಳೆಯನ್ನು ಎಷ್ಟು ತಿರುಗಿಸಿ ನೋಡಿದರೂ ಅದರೊಳಗೆ ಇದ್ದದ್ದು ಒಂದೇ ಮಾತು. ಕೂರುವವರ ಮೈಗೆ ನೋವಾಗಬಾರದು. ಅಪ್ಪ ಪೊಂಗಲಿಗೊಮ್ಮೆ ತಳ ಕೆತ್ತಿದ್ದು ಅದಕ್ಕೇ ಅಲ್ಲವೇ? ಅವನು ತನ್ನ ಮೈ ನೋಡಿ ಗುಂಡಿ ತಿದ್ದಿದ. ಕಟ್ಟಳೆಗೆಂದು ತನ್ನ ಮೈ ತಿದ್ದಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ಎದ್ದು ಕೂತು, ಇನ್ನೊಂದೆಳೆ ನೂಲಿಗೆ ಅರಿಶಿನ ಸವರಿದಳು. ದೀನದಯಾಳನನ್ನು ಕರೆದು ತನ್ನ ಮಂಡಿಗೆ ಹಿಡಿಯಲು ಹೇಳಿದಳು.

"ಎರಡ್ ನೂಲಾ ಅಮ್ಮಾ?"

"ಎರಡೇ. ಎರಡು ಕೊಟ್ರೆ ಚೌಡಮ್ಮ ಒಂದ್ನ ವಾಪಸ್ ಕೊಡ್ತಾಳಾ? ಅವ್ಳೂ ಹೆಂಗ್ಸೇ, ಅವ್ಳಿಗೂ ಅತ್ತೆ ಸೊಸೆ ಸಂಗ್ತಿ ಗೊತ್ತು."

ಕುಮರೇಶನ್ ಬಂದ. ಟ್ಯೂಬು ಬಿಚ್ಚುತ್ತಾ, ಹಲ್ಲು ಬಿಡದೆ ಕೇಳಿದ. "ಅಕ್ಕಾ, ಈ ಸಲ ನಿಂತ್ಕಂಡು ಅಳವು ಕೊಡ್ತೀರಾಂಗ, ಕೂತ್ಕಂಡೇನಾ?"

"ನೀನ್ ಹತ್ತು ಮನೆ ಕಟ್ದೋನು. ಆವತ್ತು ನಾ ಗುಂಡಿಯಿಂದ ಕೈ ತೋರ್ಸೋವಾಗ ಬಾಯಲ್ಲಿ ಎಲೆ ಅಡಿಕೆ ಇಟ್ಕಂಡಿದ್ಯಾ?"

"ಎಳೆ ಕಡೀತದೆ, ಕೇಳ್ಬ್ಯಾಡ ಅಂದ್ರಿಂಗ. ಕೇಳ್ಲಿಲ್ಲ."

ಅಷ್ಟು ವರ್ಷದ ಮೇಲೆ ಆ ಮಾತಿಗೆ ಪಾಪಾತಿ ನಕ್ಕಳು. ಮಂಚ ಅಲುಗುವ ಹಾಗೆ ನಕ್ಕಳು. ಮನೆಯವರೆಲ್ಲ ನಕ್ಕರು.

ಕೆಲಸ ಶುರುವಾಯಿತು. ಗುಂಡಿಯ ತಳ ಸರಣ್ಯಾಳ ನೂಲಿಗೆ ಇಳಿಯಿತು. ಎರಡು ನೂಲೂ ಒಟ್ಟಿಗೆ ತಳದ ಮಣ್ಣು ಸೇರಿದವು. ಬಡಗಿ ಮಾಡಿಕೊಟ್ಟ ಹಲಗೆಪೆಟ್ಟಿಗೆ ಎರಡು ನೂಲಿನ ನಡುವಿನ ಅಂತರವನ್ನು ತುಂಬಿತು. ಒಂದೇ ಕೈಯಲ್ಲಿ ಎತ್ತಿ ತೆಗೆಯುವಷ್ಟು ಹಗುರ. ದಿಂಡನ್ನೂ ಸರಣ್ಯಾಳ ತೊಡೆಗೆ ತಾಗದಷ್ಟು ಮೇಲಕ್ಕೆ ತೆಗೆದರು. ಅದಕ್ಕೆ ಸರಿಯಾಗಿ ಪಾಪಾತಿ ಕೂರುವಾಗ ಒಂದು ದಿಂಬು. ಹತ್ತಿ ಇಳಿಯುವುದಕ್ಕೆ ಸರಣ್ಯಾ ಡಾಕ್ಟರಮ್ಮನನ್ನೇ ಹೋಗಿ ಕೇಳಿಕೊಂಡು ಬಂದಳು. ಎಡಮಂಡಿ ಹೆಚ್ಚು ಕೆಟ್ಟಿರುವುದರಿಂದ ಇಳಿಯುವಾಗ ಎಡಗಾಲು ಮೊದಲು, ಹತ್ತುವಾಗ ಬಲಗಾಲು ಮೊದಲು ಬರಬೇಕು, ಮೆಟ್ಟಿಲು ಗಿಡ್ಡವಿರಬೇಕು, ಹಿಡಿಯಲು ಬಲಗಡೆ ಆಸರೆ ಬೇಕು ಎಂದು ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದ್ದಳು. ಅದರಂತೆ ಗುಂಡಿಯ ಪಕ್ಕವನ್ನು ಅಗಲ ಮಾಡಿ, ಒಳಕ್ಕೆ ಗಿಡ್ಡ ಮೆಟ್ಟಿಲು ಇಳಿಸಿದರು. ಕೂರುವ ಅಂಚಿನ ಪಕ್ಕದಲ್ಲೇ, ಕೈಯೂರಿ ಏಳಲು, ಸೊಂಟದ ಮಟ್ಟಕ್ಕೆ ಕಲ್ಲಿನ ಕಟ್ಟೆಯೊಂದು ಎದ್ದಿತು. ಗೋಡೆಗೆ ನುಣ್ಣಗೆ ಹೆರೆದ ಮರದ ಹಿಡಿ ಬಂತು. ಮುಷ್ಟಿ ಸುತ್ತಿದರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಬೇಕು, ಆಗಲೇ ಹಿಡಿತ ಎಂದು ಪಾಪಾತಿ ಮೂರು ಸಲ ಹೆರೆಸಿದಳು. ನೆಲಕ್ಕೆ ಮಂಡಿ ಊರುವ ಮಾತೇ ಉಳಿಯಲಿಲ್ಲ.

ಮೆಟ್ಟಿಲು ಒಣಗುವಷ್ಟರಲ್ಲಿ ಅಡಿಗೆಮನೆಯ ಗೋಡೆಯಲ್ಲಿ ಸದ್ದು ಕೇಳಿ ಸರಣ್ಯಾ ಓಡಿ ಹೋದಳು. ಕುಮರೇಶನ್ ಕಟ್ಟೆಯ ಅರ್ಧಕ್ಕೆ ಇಟ್ಟಿಗೆ ಏರಿಸುತ್ತಿದ್ದ. ಪಾಪಾತಿ ಗೋಡೆಗೊರಗಿ ನಿಂತು, ಡಾಕ್ಟರಮ್ಮನ ಮಾತು ಮೀರಿ ಈ ಸಲ ನಿಜಕ್ಕೂ ನಿಂತು, ಕೋಲು ತೋರಿಸುತ್ತಾ ಕೂಗುತ್ತಿದ್ದಳು. "ಇನ್ನೂ ಮೇಲೆ. ಅವಳ್ ಸೊಂಟ ಎಲ್ಲಿದೆ ಗೊತ್ತೇನೋ ನಿಂಗೆ? ನನ್ ತಲೆ ಹತ್ರ!"

"ನಿಮ್ ಒಲೆ ಅತ್ತೆ?"

"ಈ ಕಡೆ ಅರ್ಧ ನಂದು, ಆ ಕಡೆ ಅರ್ಧ ನಿಂದು. ನಿನ್ ಸಾರಲ್ಲಿ ಉಪ್ಪು ಜಾಸ್ತಿ ಆದ್ರೆ ನೋಡಕ್ಕೆ ನಂಗೆ ಏಣಿ ಬೇಕು, ಅಷ್ಟೇ."

ಸರಣ್ಯಾ ಆ ಸಂಜೆ ಎತ್ತರದ ಕಟ್ಟೆಯ ಮುಂದೆ ಸುಮ್ಮನೆ ಕೈಯಿಟ್ಟು ನಿಂತಿದ್ದಳು. ನೆಟ್ಟಗೆ. ದೀನದಯಾಳನ್ ಗಿರಣಿಯಿಂದ ಬಂದವನು, "ಅಡಿಗೆ ಆಯ್ತಾ?" ಎಂದದ್ದಕ್ಕೆ, "ಪೇಸಾಮೆ ಸುಮ್ನಿರು, ಅವ್ಳು ನಿಂತ್ಕಂಡವ್ಳೆ" ಎಂದು ಪಾಪಾತಿ ಗದರಿಸಿದಳು.

ಊತ ಇಳಿಯಿತು. ಡಾಕ್ಟರಮ್ಮ ನೋಡಿ, ಸ್ವಲ್ಪ ಸ್ವಲ್ಪ ಹೊತ್ತು ಕೂರಬಹುದು, ನಡುನಡುವೆ ಎದ್ದು ಓಡಾಡಬೇಕು, ನೀರು ಮಾತ್ರ ಚೆನ್ನಾಗಿ ಕುಡಿಯಬೇಕು ಎಂದಳು. ಹೊಸ ಹಾಸು ಏರಿಸಿದ್ದಾಯಿತು. ಎಲೆಹಸಿರು ಒಡಲು, ಕುಂಕುಮ ಬಣ್ಣದ ಅಂಚು. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಇಟ್ಟು, ಪಾಪಾತಿ ಮಗ್ಗದ ಕೋಣೆಗೆ ಬಂದಳು. ಹಲಗೆಪೆಟ್ಟಿಗೆ ತಳದಲ್ಲಿ ಕೂತಿದೆಯೇ ಎಂದು ಬಗ್ಗಿ ನೋಡಿದಳು. ಬಿದ್ದ ದಿನದ ನೆನಪು ಮೈಯಲ್ಲಿ ಇನ್ನೂ ಇತ್ತು. ಒಳಗೆ ಇಳಿಯಲಾರೆನಾದರೆ ಈ ಮೆಟ್ಟಿಲು, ಈ ಹಿಡಿ, ಈ ಎರಡು ನೂಲು ಎಲ್ಲ ದಂಡ. ಆಮೇಲೆ ಮಂಚವೇ ಗತಿ.

ಬಲಗೈ ಮರದ ಹಿಡಿಯನ್ನು ಸುತ್ತಿತು. ಎಡಗಾಲು ಮೊದಲ ಮೆಟ್ಟಿಲಿನ ಮೇಲೆ ಗಾಳಿಯಲ್ಲಿ ತೂಗಿತು. ದೀನದಯಾಳನ್ ಒಂದು ಕಡೆಯಿಂದ ಕೈ ಚಾಚಿದ. ಸರಣ್ಯಾ ಇನ್ನೊಂದು ಕಡೆಯಿಂದ ಅತ್ತೆಯ ತೋಳಿಗೆ ಕೈ ಹಾಕಲು ಬಗ್ಗಿದಳು.

ಪಾಪಾತಿ ಇಬ್ಬರನ್ನೂ ದುರುಗುಟ್ಟಿಕೊಂಡು ನೋಡಿದಳು.

"ಕೈ ತೆಗೀರಿ ಇಬ್ರೂ. ನೀವ್ ಹಿಡ್ಕಳಂಗಿದ್ರೆ ಗೋಡೇಲಿ ಹಿಡಿ ಯಾಕೆ, ನೆಲದಲ್ಲಿ ಮೆಟ್ಲು ಯಾಕೆ? ನೀನ್ ಗಿರಣಿಗೆ ಹೊರಡು. ಸರಣ್ಯಾ, ನೀ ಬಗ್ಗಬ್ಯಾಡ, ನೆಟ್ಗೆ ನಿಂತ್ಕ. ನಂಗ್ ಯಾರೂ ಬ್ಯಾಡ ಸಾಮಿ, ನಾನೇ ಇಳೀತಿನಿ."